ಹಸಿರಿಗೆ ಇಳಿಯುವುದು

ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್. ಔಷಧದ ಪುಟ್ಟ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಹೆಬ್ಬೆರಳಿನಿಂದ ಮೀಟಿದಾಗ ಅದು ಹಾರಿ ಸ್ಟೀಲ್ ತಟ್ಟೆಗೆ ಬೀಳುವ ಸದ್ದು. ಆಸ್ಪತ್ರೆಯ ನೆಲಮಾಳಿಗೆಯ ಫಾರ್ಮಸಿಯಲ್ಲಿ, ಗಾಜಿನ ಗೋಡೆಯ ಒಳಗೆ, ಎರಡು ಜೊತೆ ಕೈಗವಸು ತೊಟ್ಟು, ಕಣ್ಣು ಮಾತ್ರ ಕಾಣುವಂತೆ ಮುಖ ಮುಚ್ಚಿಕೊಂಡು ಕೂತ ಹೆಂಗಸು ಬೆಳಗ್ಗೆ ಏಳೂವರೆಯಿಂದ ಆ ಸದ್ದು ಮಾಡುತ್ತಿದ್ದಳು. ಒಂದೊಂದು ಮುಚ್ಚಳ ಬಿದ್ದಾಗಲೂ ಮೇಲಿನ ಮಹಡಿಯಲ್ಲಿ ಯಾರದೋ ತೋಳಿನ ನರಕ್ಕೆ ಹೋಗಬೇಕಾದ ಕ್ಯಾನ್ಸರ್ ಔಷಧ ತೆರೆದುಕೊಳ್ಳುತ್ತಿತ್ತು. ಇಪ್ಪತ್ತಾರು ವರ್ಷಗಳಿಂದ ಅವಳು ಅದನ್ನು ಅಳೆಯುತ್ತಿದ್ದಳು.

ಅವಳನ್ನು ಎಲ್ಲರೂ ಪಾಯಿಂಟಕ್ಕ ಎನ್ನುತ್ತಿದ್ದರು. ಆ ಹೆಸರನ್ನು ಅವಳು ಸಂಪಾದಿಸಿಕೊಂಡಿದ್ದಳು. ನೂರ ಹದಿನೇಳು ಪಾಯಿಂಟ್ ನಾಲ್ಕು ಮಿಲಿಗ್ರಾಂ ಎಂದು ಡಾಕ್ಟರು ಬರೆದದ್ದನ್ನು ನರ್ಸು ಚೀಟಿಯಲ್ಲಿ ನೂರ ಹದಿನೇಳು ಎಂದು ಇಳಿಸಿಕೊಂಡು ಬಂದರೆ, ಕಿಟಕಿಯ ಸಣ್ಣ ಬಾಗಿಲು ತೆರೆದು ಚೀಟಿಯನ್ನು ವಾಪಸು ತಳ್ಳುತ್ತಿದ್ದಳು.

"ಪಾಯಿಂಟ್ ನಾಲ್ಕು ಎಲ್ಲಿ ಹೋಯ್ತಮ್ಮ? ಮೆಟ್ಟಿಲಲ್ಲಿ ಬೀಳಿಸಿಕೊಂಡು ಬಂದ್ಯಾ?"

ನರ್ಸು ಎರಡು ಮಹಡಿ ಹತ್ತಿ ಪಾಯಿಂಟ್ ನಾಲ್ಕನ್ನು ಹುಡುಕಿಕೊಂಡು ಬರಬೇಕಾಗುತ್ತಿತ್ತು. ಬಯ್ದುಕೊಂಡೇ ಬರುತ್ತಿದ್ದಳು, ಆದರೆ ಬರುತ್ತಿದ್ದಳು.

ಆಗಿನ ಕ್ರಮವೇ ಹಾಗಿತ್ತು. ರೋಗಿ ಬರಬೇಕು, ತೂಕದ ಯಂತ್ರದ ಮೇಲೆ ನಿಲ್ಲಬೇಕು. ತೂಕ ಎತ್ತರ ಎರಡನ್ನೂ ಸೇರಿಸಿ ಮೈಯ ವಿಸ್ತಾರದ ಲೆಕ್ಕ ಹಾಕಬೇಕು. ಆ ವಿಸ್ತಾರಕ್ಕೆ ಇಷ್ಟು ಔಷಧ ಎಂದು ಡಾಕ್ಟರು ಸಹಿ ಮಾಡಬೇಕು. ಚೀಟಿ ಕೆಳಗಿಳಿದ ಮೇಲೆ ಪಾಯಿಂಟಕ್ಕ ಆ ಒಬ್ಬರಿಗೆಂದೇ ಬಾಟಲಿ ಒಡೆದು, ಸಿರಿಂಜಿನಲ್ಲಿ ಎಳೆದು, ಸಲೈನ್ ಬ್ಯಾಗಿಗೆ ಸೇರಿಸಿ ಕಳಿಸುತ್ತಿದ್ದಳು. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗಾಗದು. ದಿನಕ್ಕೆ ಐವತ್ತು ಜನ. ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ, ಐದು ಗಂಟೆ ಕಾಯುತ್ತಿದ್ದರು. ಬೆಂಚಿನ ಹಿಂದಿನ ಗೋಡೆಯಲ್ಲಿ, ತಲೆ ಒರಗಿಸಿ ಒರಗಿಸಿ, ಸಾಲಾಗಿ ಎಣ್ಣೆಗಪ್ಪಿನ ವೃತ್ತಗಳು ಮೂಡಿದ್ದವು.

ಒಂದು ದಿನ ಒಬ್ಬ ಮುದುಕ ಆ ಕಿಟಕಿಗೆ ಬಂದು ಬಗ್ಗಿದ. ಜಗಳಕ್ಕೆ ಬಂದವನಲ್ಲ. "ಅಮ್ಮಾ, ನನಗೆ ಉಳಿದಿರೋ ದಿನಾನೇ ಒಂದಿಷ್ಟು. ಅದರಲ್ಲಿ ಅರ್ಧ ನಿಮ್ಮ ಬೆಂಚಿನ ಮೇಲೇ ಹೋಗ್ತಾ ಇದೆ. ಸುಮ್ನೆ ಹೇಳಿದೆ ಅಷ್ಟೆ" ಎಂದು ಹೇಳಿ, ಹೋಗಿ, ಮತ್ತೆ ತನ್ನ ವೃತ್ತಕ್ಕೆ ತಲೆಯೊರಗಿಸಿ ಕೂತ.

ಅವತ್ತು ಮಧ್ಯಾಹ್ನ ಅವಳು ಹಿರಿಯ ಡಾಕ್ಟರ ಕೋಣೆಗೆ ಹೋದಳು.

"ಡಾಕ್ಟ್ರೇ, ನೂರ ಹದಿನೇಳು ಪಾಯಿಂಟ್ ನಾಲ್ಕಕ್ಕೂ ನೂರ ಇಪ್ಪತ್ತಕ್ಕೂ ನಿಜವಾಗ್ಲೂ ಏನು ವ್ಯತ್ಯಾಸ?"

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಈ ಪ್ರಶ್ನೆ ನಿಮ್ಮ ಬಾಯಲ್ಲಿ ಬಂತಾ? ಎಲ್ಲಿ, ಕೂತ್ಕೊಳ್ಳಿ ಮೊದಲು." ಆಮೇಲೆ ಹೇಳಿದರು, "ಏನೂ ಇಲ್ಲ. ಒಬ್ಬೊಬ್ಬರ ಲಿವರ್ ಒಂದೊಂದು ಥರ ಔಷಧ ಅರಗಿಸುತ್ತೆ. ಆ ಏರುಪೇರಿನ ಮುಂದೆ ನಿಮ್ಮ ಮೂರು ಮಿಲಿಗ್ರಾಂ ಲೆಕ್ಕಕ್ಕೇ ಇಲ್ಲ. ನೂರಕ್ಕೆ ಐದರಷ್ಟು ಆಚೆ ಈಚೆ ಆದ್ರೂ ಚಿಂತೆ ಇಲ್ಲ. ನೀವು ಬೇಜಾರು ಮಾಡ್ಕೋತೀರಿ ಅಂತ ನಾನೇ ಹೇಳಿರಲಿಲ್ಲ."

ಅವಳಿಗೆ ಬೇಜಾರಾಗಿದ್ದು ನಿಜ. ಮಕ್ಕಳಿಲ್ಲದ ಮನೆಯಲ್ಲಿ ಹೆಂಗಸರು ಬೆಕ್ಕನ್ನೋ ಗಿಡವನ್ನೋ ಸಾಕುವಂತೆ ಅವಳು ಆ ಪಾಯಿಂಟುಗಳನ್ನು ಸಾಕಿದ್ದಳು. ಆದರೂ ಕೆಲಸ ಶುರುಮಾಡಿದಳು. ಹದಿನಾಲ್ಕು ತಿಂಗಳು ಹಿಡಿಯಿತು. ಹಿಂದಿನ ಮೂರು ವರ್ಷದ ಚೀಟಿಗಳನ್ನೆಲ್ಲ ಬಿಡಿಸಿ, ಯಾರಿಗೆ ಎಷ್ಟು ಹೋಗಿದೆ ಎಂದು ಪಟ್ಟಿ ಮಾಡಿ, ಹೆಚ್ಚು ಬಳಕೆಯ ಔಷಧಕ್ಕೆ ಆರು ಅಳತೆ ಗೊತ್ತುಮಾಡಿದಳು: ತೊಂಬತ್ತು, ನೂರು, ನೂರ ಹತ್ತು, ನೂರ ಇಪ್ಪತ್ತು, ನೂರ ಮೂವತ್ತು, ನೂರ ನಲವತ್ತು. ಲೆಕ್ಕ ಎಷ್ಟೇ ಬರಲಿ, ಹತ್ತಿರದ ಅಳತೆಗೆ ಸೇರಿಸುವುದು. ಬೆಳಗ್ಗೆಯೇ ಆರೂ ಅಳತೆಯ ಬ್ಯಾಗು ತಯಾರಿಸಿ ಕಪಾಟಿನಲ್ಲಿ ಇಡುವುದು. ಚೀಟಿ ಬಂದೊಡನೆ ತೆಗೆದು ಕೊಡುವುದು.

ಒಂದಳತೆಯ ಬ್ಯಾಗು ಇನ್ನೊಂದಳತೆಗೆ ಬೆರೆತುಹೋದರೆ ಎಂಬ ಭಯ ಅವಳದು. ಅದಕ್ಕೆ ಬಣ್ಣದ ಲೇಬಲ್ ಅಂಟಿಸೋಣ ಎನಿಸಿತು. ಅವಳ ಗಂಡ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಇಬ್ಬರೂ ಕೂತರು.

"ನಂಬರ್ ಬರೆದಿರುತ್ತಲ್ಲೇ, ಮತ್ತೆ ಬಣ್ಣ ಯಾಕೆ?"

"ಸುಸ್ತಾದ ಕಣ್ಣಿಗೆ ನೂರ ಹತ್ತೂ ಒಂದೇ, ನೂರ ಇಪ್ಪತ್ತೂ ಒಂದೇ ರೀ."

"ಹಾಗೋ. ಅಂತೂ ನನ್ನ ವಿದ್ಯೆಗೂ ನಿಮ್ಮ ಆಸ್ಪತ್ರೇಲಿ ಒಂದು ಕೆಲಸ ಸಿಕ್ಕಿತು ಅನ್ನು." ಅವನು ಆರು ಬಣ್ಣದ ಪಟ್ಟಿ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿದ. ನೇರಳೆ, ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು. ತೊಂಬತ್ತಕ್ಕೆ ನೇರಳೆ, ನೂರ ನಲವತ್ತಕ್ಕೆ ಕೆಂಪು. "ಕಾಮನಬಿಲ್ಲಿನ ಕ್ರಮ. ಯಾರಿಗೂ ಮರೆಯೋದಿಲ್ಲ" ಎಂದ. ಅವಳಿಗೂ ಚೆಂದ ಕಂಡಿತು.

ಎಲ್ಲ ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಐದು ಗಂಟೆಯ ಕಾಯುವಿಕೆ ಮುಕ್ಕಾಲು ಗಂಟೆಗೆ ಬಂತು. ಮಧ್ಯಾಹ್ನದ ಬಸ್ಸಿಗೇ ಜನ ಮನೆಗೆ ಹೊರಟರು. ಬೆಂಚಿನ ಹಿಂದಿನ ಗೋಡೆಗೆ ಸುಣ್ಣ ಬಳಿದರು. ಚೀಟಿಯಲ್ಲಿ ತೂಕದ ಕಾಲಂ ಇನ್ನು ಯಾಕೆ ಎಂದು ಪಾಯಿಂಟಕ್ಕ ತಾನೇ ಅದನ್ನು ತೆಗೆಸಿದಳು. ಈಗ ಮೇಲಿನಿಂದ ಬರುತ್ತಿದ್ದುದು ರೋಗಿಯ ನಂಬರು, ಔಷಧ, ಬಣ್ಣ. ಅಷ್ಟೇ. ತೂಕ ಮೇಲಿನ ನರ್ಸಿನ ಫೈಲಿನಲ್ಲೇ ಉಳಿಯಿತು.

"ಇನ್ನು ನೀನು ಪಾಯಿಂಟಕ್ಕ ಅಲ್ಲ ಕಣೇ, ರೌಂಡಕ್ಕ" ಎಂದು ಸ್ಟೋರು ನೋಡಿಕೊಳ್ಳುತ್ತಿದ್ದ ಗೆಳತಿ ಛೇಡಿಸಿದಳು. ಅವಳೂ ನಕ್ಕಳು.

ಮೇಲಿನ ಮಹಡಿಯ ಉದ್ದನೆಯ ಹಾಲಿನಲ್ಲಿ ಇಪ್ಪತ್ತು ಒರಗು ಕುರ್ಚಿಗಳಿದ್ದವು. ಒಂದೊಂದರ ಪಕ್ಕ ಒಂದು ಕಂಬ, ಕಂಬಕ್ಕೆ ತೂಗುವ ಬ್ಯಾಗು, ಬ್ಯಾಗಿನ ಮೇಲೆ ಅವಳ ಬಣ್ಣದ ಲೇಬಲ್. ಕೈಗೆ ಸೂಜಿ ಚುಚ್ಚಿಸಿಕೊಂಡು ಮೂರು ಗಂಟೆ ಕೂರುವವರಿಗೆ ನೋಡಲು ಬೇರೇನಿತ್ತು? ಎರಡೇ ತಿಂಗಳಲ್ಲಿ ಅವರು ಅದನ್ನು ಓದಿಬಿಟ್ಟರು. ಕಾಮನಬಿಲ್ಲು ಎಲ್ಲರಿಗೂ ಬಾಯಿಪಾಠವಾಗಿದ್ದುದೇ. ಕಿತ್ತಳೆಯಲ್ಲಿದ್ದವರಿಗೆ ಹಳದಿ ಬಂದರೆ ಮೈ ಕರಗಿತೆಂದು ಅರ್ಥ. ಹಳದಿಯವರಿಗೆ ಹಸಿರು ಬಂದರೆ ಇನ್ನಷ್ಟು. ಅದಕ್ಕೊಂದು ಮಾತೂ ಹುಟ್ಟಿತು: ಇಳಿಯುವುದು. "ಮೂರನೇ ಕುರ್ಚಿಯವರು ನೀಲಿಗೆ ಇಳಿದರಂತೆ." ಹೀಗೆಂದವರು ದನಿ ತಗ್ಗಿಸುತ್ತಿದ್ದರು. ಕೇಳಿಸಿಕೊಂಡವರು ತಮ್ಮ ತಲೆಯ ಮೇಲಿನ ಬ್ಯಾಗನ್ನು ನೋಡುತ್ತಿದ್ದರು.

ನರ್ಸು ಬಂದು ಇದನ್ನು ಹೇಳಿದಾಗ ಪಾಯಿಂಟಕ್ಕ ಮುಸುಕು ತೆಗೆದಿಟ್ಟು ಮೇಲೆ ಹೋದಳು. ಹಾಲಿನ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಆ ಬಣ್ಣ ಇರೋದು ನಮ್ಮ ಅನುಕೂಲಕ್ಕೆ. ಅದಕ್ಕೆ ಬೇರೆ ಅರ್ಥ ಏನೂ ಇಲ್ಲ. ಸುಮ್ಮನೆ ಮನಸ್ಸಿಗೆ ಹಚ್ಚಿಕೋಬೇಡಿ" ಎಂದಳು.

ಕಿಟಕಿಯ ಪಕ್ಕದ ಕುರ್ಚಿಯಿಂದ ಒಬ್ಬಳು ನಕ್ಕಳು. ಐವತ್ತರ ಹೆಂಗಸು, ತಲೆಗೆ ಬಟ್ಟೆ ಸುತ್ತಿದ್ದಳು. ಬಸ್ಸಿನ ಕಂಡಕ್ಟರು.

"ಮೇಡಂ, ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ನಿಂತು 'ಇಳಿಯೋರು ಇಳೀರಿ, ಇಳಿಯೋರು ಇಳೀರಿ' ಅಂತ ಊರಿನೋರನ್ನೆಲ್ಲ ಇಳಿಸಿದೀನಿ. ನಾನು ಮಾತ್ರ ಹಳದಿಯಿಂದ ಇಳಿಯೋಳಲ್ಲ. ಕೊನೇ ಸ್ಟಾಪಿನ ತನಕ ಟಿಕೆಟ್ ತಗೊಂಡಿದೀನಿ."

ಸುತ್ತಲಿನವರೂ ನಕ್ಕರು. ಅವಳ ಪಕ್ಕದಲ್ಲಿ ನಿಂತಿದ್ದ ಗಂಡಸು ಮಾತ್ರ ಬಗ್ಗಿಸಿದ ತಲೆ ಎತ್ತಲಿಲ್ಲ. "ನನ್ನ ತಮ್ಮ" ಎಂದಳು ಕಂಡಕ್ಟರು. "ಟೈರ್ ಅಂಗಡಿ ಇಟ್ಟಿದಾನೆ. ಕೈ ತೊಳ್ಕೊಂಡೇ ಬಂದಿದಾನೆ ಮೇಡಂ, ಆ ಕಪ್ಪು ಹೋಗಲ್ಲ ಅಷ್ಟೆ. ನನ್ನ ಬಿಟ್ರೆ ಅವನಿಗೆ, ಅವನ ಬಿಟ್ರೆ ನನಗೆ. ಇಬ್ಬರಿಗೂ ಇನ್ಯಾರೂ ಗಿರಾಕಿಗಳಿಲ್ಲ."

ಕೆಳಗೆ ಬಂದ ಮೇಲೆ ಪಾಯಿಂಟಕ್ಕನಿಗೆ ತಾನು ಆಡಿದ್ದು ಅರ್ಧ ಸುಳ್ಳೆಂದು ಗೊತ್ತಿತ್ತು. ಬಣ್ಣಗಳ ಕ್ರಮ ಕಲಸಿಬಿಡಬೇಕು, ತೊಂಬತ್ತಕ್ಕೆ ಕಿತ್ತಳೆ, ನೂರಕ್ಕೆ ನೇರಳೆ, ಹೀಗೆ ತಲೆಬುಡ ಇಲ್ಲದಂತೆ ಮಾಡಿದರೆ ಯಾರೂ ಓದಲಾರರು ಎಂದುಕೊಂಡಳು. ಆದರೆ ವರ್ಷಕ್ಕಾಗುವಷ್ಟು ಲೇಬಲ್ ಅಚ್ಚಾಗಿ ಬಂದಿತ್ತು. ಕೆಲಸದವರ ಕಣ್ಣು ಈಗಷ್ಟೇ ಪಳಗಿತ್ತು, ಬದಲಿಸಿದರೆ ತಪ್ಪು ಬ್ಯಾಗು ಹೋಗುವ ಅಪಾಯ ಬೇರೆ. ಮುಂದಿನ ವರ್ಷ ನೋಡಿದರಾಯಿತು ಎಂದು ಬಿಟ್ಟಳು.

ಮೂರು ತಿಂಗಳಿಗೊಮ್ಮೆ ಅವಳು ಮೇಲಿನ ಫೈಲುಗಳನ್ನು ತರಿಸಿ, ಯಾರಿಗೆ ಯಾವ ಅಳತೆ ಹೋಗಿದೆ, ಸರಿಯಾಗಿದೆಯೇ ಎಂದು ತಾಳೆ ನೋಡುತ್ತಿದ್ದಳು. ಅಂಥ ಒಂದು ಬೆಳಗ್ಗೆ ಕಂಡಕ್ಟರ ಫೈಲು ಕೈಗೆ ಬಂತು. ಮೂರು ವಾರಕ್ಕೊಂದರಂತೆ ನಾಲ್ಕು ಸಲ ಔಷಧ. ನಾಲ್ಕೂ ಸಲ ನೂರ ಇಪ್ಪತ್ತು, ಹಳದಿ. ಲೆಕ್ಕ ಸರಿಯಾಗಿತ್ತು. ಅವಳು ಫೈಲು ಮುಚ್ಚಿ ಮುಂದಿನದನ್ನು ತೆಗೆದುಕೊಂಡು, ಮತ್ತೆ ಇದನ್ನೇ ತೆರೆದಳು.

ತೂಕ: ಅರವತ್ತು ಪಾಯಿಂಟ್ ಎರಡು. ಅರವತ್ತು ಪಾಯಿಂಟ್ ಒಂದು. ಅರವತ್ತು ಪಾಯಿಂಟ್ ಎರಡು. ಅರವತ್ತು ಪಾಯಿಂಟ್ ಎರಡು.

ಇಷ್ಟು ವರ್ಷಗಳಲ್ಲಿ ಅವಳು ಸಾವಿರಾರು ತೂಕ ನೋಡಿದ್ದಳು. ಈ ಔಷಧ ಹೊಕ್ಕ ಮೈ ನಿಂತ ಕಡೆ ನಿಲ್ಲುವುದಿಲ್ಲ. ಎರಡು ಕೆಜಿ ಇಳಿಯುತ್ತದೆ, ನೀರು ತುಂಬಿ ಒಂದು ಏರುತ್ತದೆ, ಮತ್ತೆ ಇಳಿಯುತ್ತದೆ. ಆರೋಗ್ಯವಂತರ ತೂಕವೂ ಹೀಗೆ ಮೊಳೆ ಹೊಡೆದಂತೆ ಕೂರುವುದಿಲ್ಲ. ಹಿಂದಿನ ಕಾಲವಾಗಿದ್ದರೆ, ತೂಕ ಬರೆದ ಚೀಟಿ ಅವಳ ಕೈಗೇ ಬರುತ್ತಿತ್ತು. ಎರಡನೆಯದಕ್ಕೆ ಹುಬ್ಬೇರಿಸುತ್ತಿದ್ದಳು. ಮೂರನೆಯದನ್ನು ಕಿಟಕಿಯಿಂದ ವಾಪಸು ತಳ್ಳುತ್ತಿದ್ದಳು. ಈಗ ನಾಲ್ಕು ಸಲವೂ ಹಳದಿ ಎಂದು ಬರೆದು ಬಂದಿತ್ತು, ನಾಲ್ಕು ಸಲವೂ ಅವಳೇ ಕಪಾಟಿನಿಂದ ತೆಗೆದು ಕೊಟ್ಟಿದ್ದಳು.

ಐದನೆಯ ಔಷಧದ ದಿನ ಅವಳು ತೂಕದ ಯಂತ್ರದ ಬಳಿ ಕಾದು ನಿಂತಳು. ಅಕ್ಕ ತಮ್ಮ ಇಬ್ಬರೂ ಬಂದರು. ಕಂಡಕ್ಟರು ಅಗಲವಾದ ಕೋಟು ಹಾಕಿದ್ದಳು. ಅದನ್ನು ಬಿಚ್ಚಿ ಯಂತ್ರದ ಮೇಲೆ ನಿಂತಳು. ಅರವತ್ತು ಪಾಯಿಂಟ್ ಎರಡು. ಮುಖದ ಮೂಳೆಗಳು ಎದ್ದು ಕಾಣುತ್ತಿದ್ದವು. ಕಣ್ಣಿಗೆ ಕಂಡದ್ದನ್ನು ಅಷ್ಟು ದಿನ ಯಂತ್ರದ ಅಂಕಿ ಸುಳ್ಳುಮಾಡಿತ್ತು.

"ಸ್ವಲ್ಪ ಈ ಪರದೆ ಒಳಗೆ ಬರ್ತೀರಾ?" ಎಂದಳು ಪಾಯಿಂಟಕ್ಕ.

"ಚೆಕಿಂಗಾ ಮೇಡಂ?" ಎಂದಳು ಕಂಡಕ್ಟರು. ದನಿಯಲ್ಲಿ ನಗು ಇತ್ತು, ಕೈ ಮಾತ್ರ ಸೊಂಟವನ್ನು ಒತ್ತಿ ಹಿಡಿದಿತ್ತು.

ಬಟ್ಟೆಯ ಒಳಗೆ ಸೊಂಟಕ್ಕೆ ಎರಡು ಸುತ್ತು ಬರುವ ದಪ್ಪ ಪಟ್ಟಿ. ಅದರಲ್ಲಿ ಒತ್ತೊತ್ತಾಗಿ ಹೊಲಿದ ಸಣ್ಣ ಸಣ್ಣ ಜೇಬು. ಜೇಬಿನಲ್ಲಿ ಸೀಸದ ಬಿಲ್ಲೆಗಳು, ಒಂದೊಂದರ ಮೇಲೂ ಇಷ್ಟು ಗ್ರಾಂ ಎಂದು ಅಚ್ಚು. ಟೈರಿನ ಅಂಗಡಿಯಲ್ಲಿ ಚಕ್ರದ ಅಂಚಿಗೆ ಹೊಡೆಯುವಂಥವು. ಬಿಚ್ಚಿ ನೆಲಕ್ಕಿಟ್ಟಾಗ ಪಟ್ಟಿ ಹೆಣದಂತೆ ಬಿತ್ತು. ಪಟ್ಟಿ ಇದ್ದ ಕಡೆಯಲ್ಲೆಲ್ಲ ಚರ್ಮ ಕಂದಿ ನೇರಳೆಯಾಗಿತ್ತು. ಮತ್ತೆ ಯಂತ್ರದ ಮೇಲೆ ನಿಲ್ಲಿಸಿದಳು. ಐವತ್ತೊಂದು. ಒಂಬತ್ತು ಕೆಜಿ ಸೀಸ ಹೊತ್ತು ಆ ಹೆಂಗಸು ಮೆಟ್ಟಿಲು ಹತ್ತಿ ಬಂದಿದ್ದಳು.

ಪರದೆಯ ಆಚೆಯಿಂದ ತಮ್ಮ, ಯಾರೂ ಕೇಳದಿದ್ದರೂ, ಹೇಳತೊಡಗಿದ. "ಪ್ರತೀ ಸಲ ಹಿಂದಿನ ದಿನ ಅಂಗಡೀಲಿ ತೂಕ ನೋಡ್ತಿದ್ದೆ ಮೇಡಂ. ಎಷ್ಟು ಕಮ್ಮಿ ಬಿದ್ದಿದೆಯೋ ಅಷ್ಟು ಸೇರಿಸ್ತಿದ್ದೆ. ಚಕ್ರ ಅಲುಗಾಡಿದ್ರೆ ಎಲ್ಲಿ ಎಷ್ಟು ಗ್ರಾಂ ಬೇಕು ಅಂತ ಮೆಷಿನ್ ಹೇಳುತ್ತೆ. ಅಷ್ಟು ಹೊಡೆದ್ರೆ ನೆಟ್ಟಗೆ ಓಡುತ್ತೆ. ನನಗೆ ಗೊತ್ತಿರೋ ಕೆಲಸ ಅದೊಂದೇ. ಇವಳು ಹಸಿರಿಗೆ ಇಳಿದ್ರೆ ಆ ಹಾಲ್‌ನಲ್ಲಿ ಕೂತಿರೋರೆಲ್ಲ ಒಂಥರಾ ನೋಡ್ತಾರೆ, ಇವಳು ಕುಸಿದುಹೋಗ್ತಾಳೆ. ಅದಕ್ಕೆ."

"ಅವನನ್ನ ಬಯ್ಯಬೇಡಿ" ಎಂದಳು ಕಂಡಕ್ಟರು ಗುಂಡಿ ಹಾಕಿಕೊಳ್ಳುತ್ತ. "ಹೊಲಿದಿದ್ದು ನಾನೇ."

ಹಿರಿಯ ಡಾಕ್ಟರು ಆ ದಿನದ ಔಷಧ ನಿಲ್ಲಿಸಿ, ಅವಳನ್ನು ವಾರ್ಡಿಗೆ ಸೇರಿಸಿಕೊಂಡು, ಸ್ಕ್ಯಾನ್ ಮಾಡಿಸಿದರು. ಮೂರನೆಯ ದಿನ ತಮ್ಮನನ್ನೂ ಪಾಯಿಂಟಕ್ಕನನ್ನೂ ಕೋಣೆಗೆ ಕರೆದರು.

"ಹತ್ತು ಮಿಲಿಗ್ರಾಂ ಜಾಸ್ತಿ ಹೋಗಿದ್ದರಿಂದ ಏನೂ ಆಗಿಲ್ಲ. ಅದನ್ನ ತಲೆಯಿಂದ ತೆಗೆದುಬಿಡಿ" ಎಂದರು. "ಆದರೆ ತೂಕ ಬೀಳ್ತಾ ಇದೆ ಅಂತ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ರೆ ಎರಡನೇ ಸಲಾನೇ ಸ್ಕ್ಯಾನ್ ಮಾಡಿಸ್ತಿದ್ದೆ, ಔಷಧ ಬದಲಾಯಿಸ್ತಿದ್ದೆ. ಈಗ ಲಿವರಿಗೆಲ್ಲ ಹರಡಿದೆ. ಕೀಮೋ ಕೊಟ್ರೆ ತಡಕೊಳ್ಳೋ ಶಕ್ತಿ ಅವರಿಗಿಲ್ಲ. ಇನ್ನು ನೋವು ಇಲ್ಲದ ಹಾಗೆ ನೋಡ್ಕೊಳ್ಳೋದಷ್ಟೇ."

"ಎಷ್ಟು ದಿನ ಡಾಕ್ಟ್ರೇ?" ಎಂದ ತಮ್ಮ.

"ಒಂದು ತಿಂಗಳು. ಹೆಚ್ಚು ಅಂದ್ರೆ ಎರಡು."

ತಮ್ಮ ತನ್ನ ಕಪ್ಪು ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ ಕೂತ. "ಅವಳಿಗೆ ಹೇಳಬೇಡಿ" ಎಂದ.

"ಹೇಳಬೇಕಾಗುತ್ತೆ. ನಾಳೆ ನೋಡೋಣ" ಎಂದು ಡಾಕ್ಟರು ಎದ್ದರು. ಬಾಗಿಲಲ್ಲಿ ಪಾಯಿಂಟಕ್ಕನ ಕಡೆ ತಿರುಗಿ, "ನೀವು ಕಂಡುಹಿಡಿದಿದ್ದು ಒಳ್ಳೇದಾಯ್ತು" ಎಂದರು.

ಒಳ್ಳೆಯದು ಯಾರಿಗಾಯಿತು ಎಂದು ಅವಳು ಮನೆಯ ದಾರಿಯುದ್ದಕ್ಕೂ ಹುಡುಕಿದಳು. ಕಂಡುಹಿಡಿಯದಿದ್ದರೆ ಆ ಹೆಂಗಸು ಇನ್ನೂ ಒಂದು ಹಳದಿ ಬ್ಯಾಗಿನ ಕೆಳಗೆ ತಮಾಷೆ ಮಾಡುತ್ತ ಕೂತಿರುತ್ತಿದ್ದಳು. ಬೇಗ ಕಂಡುಹಿಡಿದಿದ್ದರೆ ಬಹುಶಃ ಬದುಕಿಕೊಳ್ಳುತ್ತಿದ್ದಳು. ತಾನು ಕಂಡುಹಿಡಿದದ್ದು ಇವೆರಡರ ನಡುವೆ, ಯಾವುದಕ್ಕೂ ಆಗದ ಹೊತ್ತಿನಲ್ಲಿ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕಲಸಿದ ಅನ್ನದಿಂದ ಕೈ ತೆಗೆದ.

"ಬಣ್ಣ ಜೋಡಿಸಿದ್ದು ನಾನಲ್ವೇನೇ" ಎಂದ.

"ನೀವಲ್ಲ. ನಾನು ಕೇಳಿದ್ದು."

"ಮಕ್ಕಳಿಗೆ ಕಲಿಸೋ ಮೊದಲನೇ ಪಾಠ ಕಣೇ ಅದು. ಅದರಲ್ಲಿ ಇಂಥದ್ದೊಂದು ಇದೆ ಅಂತ ಯಾರಿಗೆ ಗೊತ್ತು?"

ಇಬ್ಬರ ತಟ್ಟೆಯಲ್ಲೂ ಅನ್ನ ಒಣಗಿತು.

ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಮೇಲೆ ಯಾರೋ ಬಡಿದರು. ಟೈರ್ ಅಂಗಡಿಯವನು. ಪಾಯಿಂಟಕ್ಕ ಕೈಗವಸು ಕಳಚಿ ಹೊರಗೆ ಬಂದು, ಅವನನ್ನು ಕಾರಿಡಾರಿನ ತುದಿಗೆ, ಜನರಿಲ್ಲದ ಕಡೆಗೆ, ಕರೆದುಕೊಂಡು ಹೋದಳು.

"ಡಾಕ್ಟ್ರು ಇನ್ನೂ ಹೇಳಿಲ್ಲ ಅಕ್ಕ" ಎಂದ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವನು. "ಇವತ್ತು ರೌಂಡ್ಸಿಗೇ ಬಂದಿಲ್ಲ, ಏನೋ ಮೀಟಿಂಗಂತೆ. ಅವಳು ಕೇಳ್ತಾನೇ ಇದಾಳೆ. ಔಷಧ ಯಾಕೆ ಬಂದಿಲ್ಲ, ಔಷಧ ಯಾಕೆ ಬಂದಿಲ್ಲ ಅಂತ. ಯಂತ್ರ ಕೆಟ್ಟಿದೆ ಅಂದೆ. ಸ್ಟಾಕಿಲ್ಲ ಅಂದೆ. ಇಪ್ಪತ್ತೆಂಟು ವರ್ಷ ಟಿಕೆಟ್ ಇಲ್ಲದೋರ ಕಥೆ ಕೇಳಿದೋಳು ಅವಳು, ನನ್ನ ಕಥೆ ನಂಬ್ತಾಳಾ?"

"ನೀವು ಊಟ ಮಾಡಿದ್ರಾ?"

"ಅದು ಬಿಡಿ. ನಿಮ್ಮ ಹತ್ರ ಒಂದು ಕೇಳೋಕೆ ಬಂದೆ." ಅವನು ಸುತ್ತ ನೋಡಿದ. "ಬರೀ ಸಲೈನ್ ಬ್ಯಾಗು. ಔಷಧ ಏನೂ ಬೇಡ, ಬರೀ ಉಪ್ಪುನೀರು. ಅದಕ್ಕೆ ಒಂದು ಹಳದಿ ಲೇಬಲ್ ಹಚ್ಚಿ ಕೊಡಿ. ಅಷ್ಟೇ. ನರ್ಸಿಗೂ ಹೇಳೋದು ಬೇಡ, ಹೇಗೋ ನಾನೇ ತೂಗುಹಾಕ್ತೀನಿ. ಅವಳು ಅದನ್ನ ನೋಡ್ಕೊಂಡು ಮಲಗಲಿ."

ಔಷಧವಿಲ್ಲದ ಬ್ಯಾಗಿಗೆ ಔಷಧದ ಲೇಬಲ್. ಇಂಥದ್ದನ್ನು ಬಾಯಿಬಿಟ್ಟು ಕೇಳುವವರು ಇರಬಹುದೆಂದು ಕೂಡ ಪಾಯಿಂಟಕ್ಕ ಅಂದುಕೊಂಡಿರಲಿಲ್ಲ.

"ತಪ್ಪು ಅಂತ ಗೊತ್ತು" ಎಂದ ಅವನು. "ಆದ್ರೆ ನೀವೇ ಅವತ್ತು ಹಾಲಿನಲ್ಲಿ ನಿಂತು ಹೇಳಿದ್ರಿ. ಬಣ್ಣಕ್ಕೆ ಅರ್ಥ ಏನೂ ಇಲ್ಲ ಅಂತ. ಅರ್ಥ ಇಲ್ಲದ್ದನ್ನೇ ಒಂದು ಕೊಡಿ ಅಂತಿದೀನಿ ಅಕ್ಕ. ನಿಮಗೇನು ಕಷ್ಟ?"

"ಅವತ್ತು ನಾನು ಹೇಳಿದ್ದು..." ಎಂದು ಶುರುಮಾಡಿ ನಿಲ್ಲಿಸಿದಳು. ಅದು ಸುಳ್ಳು ಎಂದರೆ ಇವನು ಏನು ಮಾಡಿಯಾನು? ನಿಜ ಎಂದರೆ ಏನು ಮಾಡಿಯಾನು? ಆ ಮಾತು ಹೇಳಬೇಕಾದದ್ದು ಇವನಿಗಲ್ಲ.

"ಅವರು ಈಗ ಎಚ್ಚರ ಇದಾರಾ?" ಎಂದು ಕೇಳಿದಳು.

"ಎಚ್ಚರ ಇದಾಳೆ. ಕಿಟಕಿ ಕಡೆ ಮುಖ ಮಾಡ್ಕೊಂಡು ಮಲಗಿದಾಳೆ. ಬಸ್ಸು ಹೋದಾಗೆಲ್ಲ ಅದರ ನಂಬರ್ ಹೇಳ್ತಾಳೆ, ಸದ್ದಲ್ಲೇ ಗೊತ್ತಾಗುತ್ತಂತೆ. ಒಂದು ಲೇಬಲ್ ಅಕ್ಕ. ಈಗಲೇ ಬೇಡ, ಮಧ್ಯಾಹ್ನದ ಒಳಗೆ ಆದ್ರೂ ಸಾಕು. ಯಾರಿಗೆ ನಷ್ಟ ಹೇಳಿ? ಡಾಕ್ಟ್ರು ಹೇಳೋದು ಹೇಗೂ ಹೇಳ್ತಾರೆ, ನಾಳೆನೋ ನಾಡಿದ್ದೋ. ಅಲ್ಲೀ ತನಕ..."

ಪಾಯಿಂಟಕ್ಕ ನಡೆಯತೊಡಗಿದಳು. ಅವನು ಒಂದು ಕ್ಷಣ ಮಾತು ನಿಲ್ಲಿಸಿ, ಅವಳು ಹೋಗುತ್ತಿರುವುದು ತನ್ನ ಕೆಲಸಕ್ಕೇ ಎಂದುಕೊಂಡು, ಹಿಂದಿನಿಂದ ದನಿ ತಗ್ಗಿಸಿ ಹೇಳಿದ: "ಹಳದೀದೇ ಅಕ್ಕ. ನೋಡ್ಕೊಂಡು ತಗೊಳ್ಳಿ."

ಅವಳು ಫಾರ್ಮಸಿಯ ಬಾಗಿಲನ್ನು ದಾಟಿ ಮುಂದೆ ಹೋದಳು. ಒಳಗಿನಿಂದ ಗೆಳತಿ ಏನೋ ಕೇಳಿದಳು, ಅದಕ್ಕೂ ನಿಲ್ಲಲಿಲ್ಲ. ಮೆಟ್ಟಿಲ ಬಳಿ ಬಂದು, ಕಂಬಿ ಹಿಡಿದುಕೊಂಡು, ಹೆಂಗಸರ ವಾರ್ಡಿನ ಕಡೆಗೆ ಹತ್ತತೊಡಗಿದಳು. ಕೆಳಗೆ ಅವನು ಇನ್ನೂ ಮಾತಾಡುತ್ತಲೇ ಇದ್ದ. ಆ ಕಡೆ ಅಲ್ಲ ಅಕ್ಕ ಎನ್ನುತ್ತಿದ್ದ, ಅಕ್ಕ, ನಿಮ್ಮ ಕೋಣೆ ಇಲ್ಲಿದೆ, ಆ ಕಡೆ ಅಲ್ಲ.